ಗೋದಲಿ: ಕೈಯಿಂದ ಕಟ್ಟಿ, ಕಣ್ಣು ಮುಚ್ಚಿ ಒಳಹೋಗುವ ಬಗೆ

ಗೋದಲಿ ಎಂದರೆ ದನಕ್ಕೆ ಹುಲ್ಲು ಹಾಕುವ ತೊಟ್ಟಿ; ಯೇಸು ಹುಟ್ಟಿದ ದೃಶ್ಯವನ್ನು ಕ್ರಿಸ್‌ಮಸ್‌ಗೆ ಗೊಂಬೆಗಳಿಂದ ಕಟ್ಟಿದ್ದಕ್ಕೂ ಅದೇ ಹೆಸರು. ಅದರ ಕೆಲಸ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ, ಮೊದಲ ಭಾನುವಾರಕ್ಕೇ ಶುರುವಾಗಬೇಕು. ಡಿಸೆಂಬರ್ 24ರ ಸಂಜೆ ಪೇಟೆಗೆ ಓಡಿ, ಥರ್ಮೊಕೋಲಿನ ಗುಡಿಸಲು, ಪ್ಲಾಸ್ಟರ್ ಗೊಂಬೆಗಳ ಪೆಟ್ಟಿಗೆ, ಎರಡು ಸೀರಿಯಲ್ ಸೆಟ್ ತಂದು ಅರ್ಧ ತಾಸಿನಲ್ಲಿ ಜೋಡಿಸಿದರೂ ಗೋದಲಿ ಆಗುತ್ತದೆ. ನೋಡಲಿಕ್ಕೆ ಚೆಂದವೂ ಇರುತ್ತದೆ. ಆದರೆ ಅದರ ಮುಂದೆ ಐದು ನಿಮಿಷ ಕೂತು ಪ್ರಾರ್ಥನೆ ಮಾಡಿ ನೋಡಿ, ಮನಸ್ಸು ಹೋಗಿ ನಿಲ್ಲಲಿಕ್ಕೆ ಅದರಲ್ಲಿ ಜಾಗವೇ ಇರುವುದಿಲ್ಲ. ನಾಲ್ಕು ವಾರ ಮಣ್ಣು, ಹುಲ್ಲು, ಹಾಳೆ ಹಿಡಿದ ಕೈಗೆ ಗೋದಲಿ ಎಂದರೆ ಏನೆಂದು ಗೊತ್ತಿರುತ್ತದೆ. ಆ ರಾತ್ರಿ ಇಗರ್ಜಿಯಲ್ಲಿ ಶುಭಸಂದೇಶ ಓದುವಾಗ ಆ ಒಂದು ಶಬ್ದ ಬಂದಕೂಡಲೇ ಬೆರಳು ನೆನಪು ಮಾಡಿಕೊಳ್ಳುತ್ತದೆ.

ಇಲ್ಲಿ ಹೇಳುವುದು ಎರಡು ಕೆಲಸ. ಒಂದು ಕಟ್ಟುವುದು, ಇನ್ನೊಂದು ಕಟ್ಟಿದ್ದರೊಳಗೆ ಕಲ್ಪನೆಯಿಂದ ಹೋಗಿ ಪ್ರಾರ್ಥಿಸುವುದು. ಮೊದಲನೆಯದನ್ನು ಮಾತ್ರ ಮಾಡಿದರೆ ಅದು ಅಲಂಕಾರ. ಎರಡನೆಯದನ್ನು ಮಾತ್ರ ಮಾಡಲಿಕ್ಕೂ ಬರುತ್ತದೆ, ಆದರೆ ಕೈ ಖಾಲಿ ಇದ್ದರೆ ಮನಸ್ಸು ಬೇಗ ಊರು ಸುತ್ತಲಿಕ್ಕೆ ಹೊರಡುತ್ತದೆ.

ಮೊದಲು ಓದಿ, ಆಮೇಲೆ ಮಣ್ಣು ಮುಟ್ಟಿ

ಬೈಬಲಿನಲ್ಲಿ ಲೂಕನ ಶುಭಸಂದೇಶದ 2ನೇ ಅಧ್ಯಾಯ, 1ರಿಂದ 20ನೇ ವಾಕ್ಯ. ಕೊಂಕಣಿಯಲ್ಲಿ ಪ್ರಾರ್ಥಿಸುವವರು ಕೊಂಕಣಿಯಲ್ಲೇ ಓದಿ, ಕನ್ನಡದವರು ಕನ್ನಡದಲ್ಲಿ. ಪೆನ್ಸಿಲ್ ಹಿಡಿದು ಓದಬೇಕು, ಯಾಕೆಂದರೆ ಬರೆದದ್ದಕ್ಕಿಂತ ನಾವು ಸೇರಿಸಿಕೊಂಡದ್ದೇ ಹೆಚ್ಚು. ಗೋದಲಿ ಎಂಬ ಮಾತು ಮೂರು ಸಲ ಬರುತ್ತದೆ: 7, 12 ಮತ್ತು 16ನೇ ವಾಕ್ಯಗಳಲ್ಲಿ. ಕೊಟ್ಟಿಗೆ ಎಂದು ಎಲ್ಲಿಯೂ ಇಲ್ಲ, ಗವಿ ಎಂದೂ ಇಲ್ಲ. ಗವಿಯ ಮಾತು ಎರಡನೇ ಶತಮಾನದ ಸಂತ ಜಸ್ಟಿನ್ ಅವರ ಬರಹದಲ್ಲಿ ಸಿಗುತ್ತದೆ. ಎತ್ತು, ಕತ್ತೆ ಲೂಕನಲ್ಲಿ ಇಲ್ಲವೇ ಇಲ್ಲ. ಅವು ಬಂದದ್ದು ಯೆಶಾಯನ ಗ್ರಂಥದ 1:3ರಿಂದ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಧಣಿಯ ಗೋದಲಿ ಗೊತ್ತು ಎಂಬ ಮಾತದು. ಮೂಡಣ ದೇಶದಿಂದ ಕಾಣಿಕೆ ತಂದ ಜೋಯಿಸರು ಮತ್ತಾಯನ 2ನೇ ಅಧ್ಯಾಯದವರು. ಅವರು ಬಂದದ್ದು ಮನೆಗೆ, ಎಷ್ಟು ಜನ ಎಂದು ಬರೆದಿಲ್ಲ. ಕಾಣಿಕೆ ಮೂರಿದ್ದುದರಿಂದ ಜನರೂ ಮೂವರಾದರು.

ಹಾಗಾದರೆ ಎತ್ತು, ಕತ್ತೆಯನ್ನು ತೆಗೆದುಹಾಕಬೇಕೆ? ಬೇಡ. ಕಲ್ಪನೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಒಂದು ವಾಕ್ಯದಲ್ಲಿ ಗೋದಲಿ ಕಂಡ ಮನಸ್ಸು, ಗೋದಲಿ ಇರುವ ಇನ್ನೊಂದು ವಾಕ್ಯವನ್ನು ನೆನೆದು ಎರಡನ್ನೂ ಕಟ್ಟಿಹಾಕಿತು. ಪ್ರಾರ್ಥನೆಯ ಕಲ್ಪನೆ ಹೀಗೆ ವಾಕ್ಯದಿಂದ ವಾಕ್ಯಕ್ಕೆ ನಡೆಯುತ್ತದೆ. ವಾಕ್ಯ ಬಿಟ್ಟು ತಿರುಗಿದರೆ ಅದು ಬರೀ ಹಗಲುಗನಸು.

1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಮಾಡಿಸಿದ ಗೋದಲಿಯಲ್ಲಿ ಏನಿತ್ತು ಎಂಬುದನ್ನೂ ಗಮನಿಸಬೇಕು. ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಜೀವಂತ ಕತ್ತೆ, ಅಷ್ಟೆ. ಮರಿಯಮ್ಮನ ಪ್ರತಿಮೆ ಇಲ್ಲ, ಜೋಸೆಫರದಿಲ್ಲ, ಮಗುವಿನದೂ ಇಲ್ಲ. ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸ್ ಶುಭಸಂದೇಶ ಹಾಡಿದರು. ಅಲ್ಲಿದ್ದ ಒಬ್ಬನಿಗೆ ಆ ಖಾಲಿ ಗೋದಲಿಯಲ್ಲಿ ಮಲಗಿದ ಮಗು ಕಂಡಿತು ಎಂದು ಫ್ರಾನ್ಸಿಸರ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ಬರೆದಿಟ್ಟಿದ್ದಾರೆ. ಮನೆಯಲ್ಲಿ ಪ್ರತಿಮೆ ಇಡದ ಪ್ರೊಟೆಸ್ಟೆಂಟ್ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬರುವ ಮಾತು. ಒಂದು ಗೋದಲಿ, ಒಂದು ಹಿಡಿ ಹುಲ್ಲು, ಪಕ್ಕದಲ್ಲಿ ತೆರೆದ ಬೈಬಲ್, ಇಷ್ಟಿದ್ದರೆ ಈ ಲೇಖನದ ಎರಡನೇ ಭಾಗವನ್ನು ಪೂರ್ತಿ ಮಾಡಬಹುದು. ಪ್ರತಿಮೆ ಇಡುವವರು 787ರಲ್ಲಿ ನೈಸಿಯಾದಲ್ಲಿ ಕೂಡಿದ ಧರ್ಮಸಭೆಯ ಮಹಾಸಭೆಯ ಮಾತನ್ನು ನೆನಪಿಟ್ಟುಕೊಂಡರೆ ಸಾಕು: ಚಿತ್ರಕ್ಕೆ ಕೊಡುವ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ, ಆರಾಧನೆ ದೇವರೊಬ್ಬರಿಗೇ.

ಮಣ್ಣು

ಆರು ಇಂಚಿನ, ಅಂದರೆ ಸುಮಾರು 15 ಸೆಂ.ಮೀ. ಎತ್ತರದ ಐದಾರು ಗೊಂಬೆ, ಒಂದೆತ್ತು, ಒಂದು ಕತ್ತೆ, ನಾಲ್ಕು ಕುರಿಗೆ ಮೂರು ಕಿಲೋ ಜೇಡಿಮಣ್ಣು ಬೇಕು. ಚೌತಿ ಮುಗಿದ ಮೇಲೆ ಗಣಪತಿ ಮಾಡುವ ಗುಡಿಗಾರರ ಮನೆಗಳಲ್ಲಿ ಹದ ಮಾಡಿದ ಮಣ್ಣು ಉಳಿದಿರುತ್ತದೆ. ಕುಮಟಾ, ಹೊನ್ನಾವರ, ಸಿರ್ಸಿ ಕಡೆಯವರು ಆಗಲೇ ಕೇಳಿ ತಂದು, ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಡಿಸೆಂಬರ್‌ವರೆಗೆ ಚೆನ್ನಾಗಿರುತ್ತದೆ. ಸ್ವಂತ ತೆಗೆಯುವುದಾದರೆ ಕೆರೆಯ ಮಣ್ಣು ಅಥವಾ ಸಿಹಿನೀರಿನ ಗದ್ದೆಯ ಮಣ್ಣು. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಮಣ್ಣು, ಅಳಿವೆಯ ಕೆಸರು, ಸಮುದ್ರದ ಮರಳು ಬೇಡ. ಅವುಗಳಲ್ಲಿ ಉಪ್ಪಿರುತ್ತದೆ. ಒಣಗುವಾಗ ನೀರಿನ ಜೊತೆ ಉಪ್ಪು ಮೇಲಕ್ಕೆ ಬಂದು ಗೊಂಬೆಯ ಮೈಮೇಲೆಲ್ಲ ಬಿಳಿ ಪುಡಿ ಕಟ್ಟುತ್ತದೆ. ಒರೆಸಿದರೆ ಹೋಗಿ ಎರಡು ದಿನಕ್ಕೆ ಮತ್ತೆ ಬರುತ್ತದೆ. ಬಣ್ಣವೂ ಅದರ ಮೇಲೆ ನಿಲ್ಲುವುದಿಲ್ಲ.

ಐದು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಹೊಳೆಮರಳು, ಒಂದು ಹಿಡಿ ಹತ್ತಿ ಇಲ್ಲವೇ ಚಿಕ್ಕದಾಗಿ ಕತ್ತರಿಸಿದ ತೆಂಗಿನ ನಾರು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಅಂಗೈಯಲ್ಲಿ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಟ್ಟರೆ ನೀರು ಕಡಿಮೆ, ಬೆರಳಿಗೆ ಅಂಟಿದರೆ ನೀರು ಹೆಚ್ಚು.

ಗೊಂಬೆ ಬಿರಿಯಲು ಮುಖ್ಯ ಕಾರಣ ಮೂರು. ಹೊಟ್ಟೆಯ ಭಾಗ ದಪ್ಪವಿದ್ದರೆ ಹೊರಗೆ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಆದ್ದರಿಂದ ಎರಡೂವರೆ ಸೆಂ.ಮೀ.ಗಿಂತ ದಪ್ಪ ಇರುವಲ್ಲಿ ಅಡಿಯಿಂದ ಚಮಚದ ಹಿಡಿಯಲ್ಲಿ ಕೊರೆದು ಪೊಳ್ಳು ಮಾಡಿ. ಕುತ್ತಿಗೆಗೆ ಹಿಡಿಕಡ್ಡಿ ಹಾಕಿದಾಗ ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಕಡ್ಡಿಗೆ ಮೊದಲು ಕಾಗದ ಅಥವಾ ದಾರ ಸುತ್ತಿದರೆ ಆ ಕುಗ್ಗುವಿಕೆಗೆ ಜಾಗ ಸಿಗುತ್ತದೆ. ಮೂರನೆಯದು ಬಿಸಿಲಿಗೆ ಇಡುವ ಅವಸರ. ಏಳರಿಂದ ಹತ್ತು ದಿನ ನೆರಳಲ್ಲಿ, ಮೊದಲ ಎರಡು ದಿನ ಮೇಲೊಂದು ಬಟ್ಟೆ ಹೊದಿಸಿ. ಕಾರವಾರದ ಕಡಲ ಬದಿಯ ಮನೆಗಳಲ್ಲಿ ಮಧ್ಯಾಹ್ನ ಏಳುವ ಗಾಳಿ ಬಿಸಿಲಿಗಿಂತ ಕೆಟ್ಟದ್ದು. ಒಂದೇ ಬದಿ ಒಣಗಿಸಿ ಗೊಂಬೆಯನ್ನು ಸೊಟ್ಟ ಮಾಡುತ್ತದೆ. ಕಿಟಕಿಯಿಂದ ದೂರ ಇಡಿ, ದಿನಕ್ಕೊಮ್ಮೆ ತಿರುಗಿಸಿ.

ಈಗ ಮುಖ. ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಕಣ್ಣು, ಹುಬ್ಬು, ತುಟಿ ಎಲ್ಲ ತೀಡಲು ಹೋಗಿ ಮರಿಯಮ್ಮನನ್ನು ಅಂಗಡಿಯ ಬೊಂಬೆ ಮಾಡಿಬಿಡುತ್ತಾರೆ. ಮೊಟ್ಟೆಯಾಕಾರದ ತಲೆಯ ಮೇಲೆ ಎರಡು ಹೆಬ್ಬೆರಳಿನ ತುದಿಯನ್ನು ಒಟ್ಟಿಗೆ ಇಟ್ಟು ಮೆಲ್ಲಗೆ ಒತ್ತಿ. ಎರಡು ತಗ್ಗು ಬೀಳುತ್ತದೆ, ನಡುವೆ ಉಳಿದ ಮಣ್ಣು ತಾನೇ ಮೂಗಾಗುತ್ತದೆ. ಅಲ್ಲಿಗೆ ಕೈ ತೆಗೆಯಿರಿ. ತಲೆಯನ್ನು ತುಸು ಕೆಳಗೆ, ಗೋದಲಿಯ ಕಡೆ ಬಾಗಿಸಿ. ಪಕ್ಕದಿಂದ ಒಂದೇ ದೀಪ ಬಿದ್ದಾಗ ಆ ತಗ್ಗಿನಲ್ಲಿ ನೆರಳು ಕೂತು ಮುಖ ನೋಡುವಂತೆ ಕಾಣುತ್ತದೆ. ನೋಡುವವರ ದುಃಖ, ದಣಿವು, ಸಂತೋಷ ಎಲ್ಲವೂ ಆ ಮುಖದಲ್ಲಿ ಹಿಡಿಸುತ್ತವೆ. ನಗುತ್ತಿರುವ ಬಣ್ಣದ ಮುಖದಲ್ಲಿ ನಗುವಿಗೆ ಮಾತ್ರ ಜಾಗ.

ಬಣ್ಣದ ವಿಷಯ ಬಂದದ್ದರಿಂದ ಒಂದು ಮಾತು. ಬೆತ್ಲೆಹೇಮ್ ಪಶ್ಚಿಮ ಏಷ್ಯಾದ ಊರು. ಅಂಗಡಿಯ ಬಾಲಯೇಸುವಿಗೆ ಗುಲಾಬಿ ಕೆನ್ನೆ, ಚಿನ್ನದ ಕೂದಲು ಯಾಕೆ ಎಂದು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಕ್ರೈಸ್ತರ ಮಗುವೊಂದು ಕೇಳಿದರೆ ಕೊಡಲಿಕ್ಕೆ ಉತ್ತರವಿಲ್ಲ. ಮಣ್ಣಿನ ಬಣ್ಣವನ್ನು ಹಾಗೇ ಬಿಡುವುದು ಎಲ್ಲಕ್ಕಿಂತ ಸುಲಭ, ಸರಿಯೂ ಹೌದು. ಬಟ್ಟೆಗೆ ಬೇಕಿದ್ದರೆ ಕೆಮ್ಮಣ್ಣು, ಸುಣ್ಣ, ಇದ್ದಿಲು ಸಾಕು. ಇನ್ನೊಂದು ಕಡೆಯ ಅತಿಯೂ ಇದೆ: ಒಂದು ಸಮುದಾಯದ ಉಡುಗೆ, ಮಣಿಸರಗಳನ್ನು ಗೊಂಬೆಗೆ ವೇಷದಂತೆ ತೊಡಿಸುವುದು. ಆ ಸಮುದಾಯದವರು ತಾವೇ ಮಾಡಿದರೆ ಅದರ ಮಾತು ಬೇರೆ.

ಮಾಡು, ಹುಲ್ಲು, ದೀಪ

ಹಲಗೆ ಮೂರು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಧಾರಾಳ. ಕೊಟ್ಟಿಗೆಯ ಎತ್ತರ ಗೊಂಬೆಯ ಎರಡು ಪಟ್ಟು, ಅಂದರೆ ಒಂದು ಅಡಿ. ಅದಕ್ಕಿಂತ ಎತ್ತರವಾದರೆ ಅರಮನೆಯಾಗುತ್ತದೆ. ಕಂಬಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು. ಮೊಳೆ ಹೊಡೆದರೆ ದಬ್ಬೆ ಉದ್ದಕ್ಕೆ ಸೀಳುತ್ತದೆ, ಬಾಳೆನಾರು ಅಥವಾ ಹುರಿಯಿಂದ ಕಟ್ಟುವುದೇ ಸರಿ. ಮಾಡಿಗೆ, ಅಂದರೆ ಛಾವಣಿಗೆ, ಅಡಿಕೆ ಹಾಳೆ: ಅರ್ಧ ತಾಸು ನೀರಲ್ಲಿ ನೆನೆಸಿದರೆ ಹೇಳಿದಂತೆ ಬಾಗುತ್ತದೆ, ಬೇಕಾದ ಆಕಾರದಲ್ಲಿ ಕಟ್ಟಿ ಎರಡು ದಿನ ಒಳ್ಳೆ ಬಿಸಿಲಲ್ಲಿ ಒಣಗಿಸಿ. ಅರೆಬರೆ ಒಣಗಿದ ಹಾಳೆಗೆ ವಾರದೊಳಗೆ ಬೂಷ್ಟು ಬಂದು ಗೊಂಬೆಗೂ ಹಬ್ಬುತ್ತದೆ. ಕರಾವಳಿಯವರು ಹೆಣೆದ ಮಡಲು (ತೆಂಗಿನ ಗರಿ) ಹಾಕಬಹುದು. ನೆಲಕ್ಕೆ ಕೆಮ್ಮಣ್ಣು, ಮೇಲೆ ದರಕು, ಅಂದರೆ ಉದುರಿದ ಒಣ ಎಲೆ. ಸಿರ್ಸಿ ಕಡೆಯ ಕೊಟ್ಟಿಗೆಗಳಲ್ಲಿ ದನದ ಕಾಲಡಿಗೆ ಹಾಸುವುದೂ ಅದನ್ನೇ.

ಗುಡ್ಡದ ಹಸಿರಿಗೆ ರಾಗಿ. ಡಿಸೆಂಬರ್ 12ರ ರಾತ್ರಿ ಮೂರು ದೊಡ್ಡ ಚಮಚ, ಸುಮಾರು 40 ಗ್ರಾಂ ರಾಗಿ ನೆನೆಸಿ. ಮರುದಿನ ಬಸಿದು ಬಟ್ಟೆಯಲ್ಲಿ ಕಟ್ಟಿ, 14ಕ್ಕೆ ಒಂದಡಿ ಅಗಲದ ತಟ್ಟೆಯಲ್ಲಿ ಒಂದಿಂಚು ಮಣ್ಣಿನ ಮೇಲೆ ಒತ್ತಾಗಿ ಉದುರಿಸಿ. ಮೇಲೆ ಮಣ್ಣು ಮುಚ್ಚುವುದು ಬೇಡ, ಒದ್ದೆ ಬಟ್ಟೆ ಎರಡು ದಿನ ಹೊದಿಸಿದರೆ ಸಾಕು. ದಿನಕ್ಕೆರಡು ಸಲ ನೀರು ಚಿಮುಕಿಸಿ. ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ. 24ಕ್ಕೆ ಎರಡಿಂಚಿನ ಗದ್ದೆ ತಯಾರು. ಕತ್ತಲ ಕೋಣೆಯಲ್ಲೇ ಬಿಟ್ಟರೆ ಹಳದಿಯಾಗಿ ಅಡ್ಡ ಬೀಳುತ್ತದೆ. ಇರುವೆ ಕಾಟವಿದ್ದರೆ ತಟ್ಟೆಯನ್ನು ನೀರು ತುಂಬಿದ ಅಗಲ ಪಾತ್ರೆಯ ನಡುವೆ ಕಲ್ಲಿನ ಮೇಲೆ ಇಡಿ.

ಚಿರೆಕಲ್ಲಿನ ಗೋಡೆಯ ಪಾಚಿಯನ್ನು ಕೆತ್ತಿ ತರುವ ರೂಢಿ ಬಿಡುವುದೊಳ್ಳೆಯದು. ಡಿಸೆಂಬರಿನಲ್ಲಿ ಅದು ಮೂರೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ.

ದೀಪ ಒಂದೇ ಇರಲಿ. ಎರಡು ಮೂರು ವ್ಯಾಟಿನ ಹಳದಿ ಎಲ್‌ಇಡಿ, ಗೋದಲಿಯ ಹಿಂದೆ ಅಥವಾ ಒಂದು ಪಕ್ಕಕ್ಕೆ, ಬಲ್ಬು ಕಣ್ಣಿಗೆ ಬೀಳದಂತೆ. ಒಣಹುಲ್ಲಿನ ಹತ್ತಿರ ಮೇಣದಬತ್ತಿ ಬೇಡವೇ ಬೇಡ. ಹಚ್ಚಲೇಬೇಕೆಂದರೆ ಬೇರೆ ಮೇಜಿನ ಮೇಲೆ. ಮಿನುಗುವ ಸೀರಿಯಲ್ ಸೆಟ್ಟನ್ನು ಅಂಗಳದ ನಕ್ಷತ್ರಕ್ಕೆ ಕೊಟ್ಟುಬಿಡಿ. ಗೋದಲಿಯಲ್ಲಿ ಅದು ಇದ್ದರೆ ಕಣ್ಣು ಮಗುವಿನ ಮೇಲೆ ನಿಲ್ಲದೆ ಹಾರಾಡುತ್ತಿರುತ್ತದೆ. (ಗೋದಲಿ ಸ್ಪರ್ಧೆಯ ತೀರ್ಪುಗಾರರಿಗೆ ಇದು ಹಿಡಿಸಲಿಕ್ಕಿಲ್ಲ. ನೀರಿನ ಕಾರಂಜಿ ಇಟ್ಟವರಿಗೆ ಅಂಕ ಹೆಚ್ಚು.)

ನಕ್ಷತ್ರ ಕಟ್ಟುವವರಿಗೆ ಲೆಕ್ಕ ಇಷ್ಟೇ: ಎರಡಡಿ ಉದ್ದದ ಹತ್ತು ಬಿದಿರು ಕಡ್ಡಿ, ಐದೈದರಲ್ಲಿ ಒಂದೊಂದು ನಕ್ಷತ್ರ. ಎರಡರ ಐದು ತುದಿಗಳನ್ನು ಜೋಡಿಸಿ ಕಟ್ಟಿ, ನಡುವಿನ ಐದು ಸಂದಿಗಳಲ್ಲಿ ಐದಿಂಚಿನ ಐದು ತುಂಡು ಕಡ್ಡಿ ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ.

ಜೋಡಿಸುವುದು, ಖಾಲಿ ಬಿಡುವುದು

ನೆಲದಿಂದ ಒಂದೂವರೆ, ಎರಡಡಿ ಎತ್ತರದಲ್ಲಿ ಹಲಗೆ ಇಡಿ. ಮೊಣಕಾಲೂರಿದವರ ಕಣ್ಣಿಗೂ ನಿಂತ ಮಗುವಿನ ಕಣ್ಣಿಗೂ ಅದು ಸರಿಹೋಗುತ್ತದೆ. ಗೋದಲಿ ಹಲಗೆಯ ನಟ್ಟನಡುವೆ ಬೇಡ, ತುಸು ಪಕ್ಕಕ್ಕೆ ಇರಲಿ. ಅದರ ಎದುರು ಒಂದು ಗೇಣು ನೆಲ ಏನೂ ಇಡದೆ ಬಿಡಬೇಕು. ಮನೆಯವರಿಗೆಲ್ಲ ಅಲ್ಲೊಂದು ಕುರಿ ಇಡುವ ಆಸೆ ಬರುತ್ತದೆ, ಬಿಡಬೇಡಿ. ಅದು ನಿಮ್ಮ ಜಾಗ, ಮುಂದೆ ಬೇಕಾಗುತ್ತದೆ.

ಗೋದಲಿ ಸಹ 24ರ ರಾತ್ರಿಯವರೆಗೆ ಖಾಲಿ. ಪಕ್ಕದ ಲೋಟದಲ್ಲಿ ಮೂರಿಂಚಿನ ಹುಲ್ಲಿನ ಕಡ್ಡಿ ಇಟ್ಟು, ಯಾರಿಗಾದರೂ ಒಂದು ಒಳ್ಳೆಯದು ಮಾಡಿದ ದಿನ ಒಂದು ಕಡ್ಡಿ ಗೋದಲಿಗೆ ಹಾಕುವ ಹಳೆಯ ಪದ್ಧತಿ ಮಕ್ಕಳಿಗೆ ಹಿಡಿಸುತ್ತದೆ. ಎಣಿಸಲು ಬಿಟ್ಟರೆ ಕೆಡುತ್ತದೆ, ಅಣ್ಣನಿಗೆಷ್ಟು ತಂಗಿಗೆಷ್ಟು ಎಂದು ಜಗಳ. ಯಾರು ಹಾಕಿದರೆಂದು ಗೊತ್ತಾಗದ ಹಾಗೆ ಹಾಕಲಿ.

ಜೋಯಿಸರನ್ನು ಮನೆಯ ಇನ್ನೊಂದು ಮೂಲೆಯಿಂದ ಹೊರಡಿಸಿ, ದಿನಕ್ಕಿಷ್ಟು ಎಂದು ಸರಿಸುತ್ತ, ಅವರು ಬಂದದ್ದನ್ನು ನೆನೆಯುವ ಪ್ರಭುಪ್ರಕಾಶದ ಹಬ್ಬಕ್ಕೆ ತಲುಪಿಸಿ. ಭಾರತದಲ್ಲಿ ಅದು ಜನವರಿ 2ರಿಂದ 8ರೊಳಗಿನ ಭಾನುವಾರ.

ಒಳಹೋಗುವುದು

ಯೇಸುಸಭೆಯ ಸ್ಥಾಪಕ ಲೊಯೋಲಾದ ಸಂತ ಇಗ್ನೇಷಿಯಸ್ ತಮ್ಮ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ ಕ್ರಿಸ್ತಜನನದ ಧ್ಯಾನಕ್ಕೆ ಕೊಟ್ಟ ಸೂಚನೆಗಳು ಬಲು ನಿಖರ. 1548ರಲ್ಲಿ ಜಗದ್ಗುರು (ಪೋಪ್) ಮೂರನೇ ಪೌಲರ ಒಪ್ಪಿಗೆ ಪಡೆದ ಪುಸ್ತಕ ಅದು. ನಜರೇತಿನಿಂದ ಬೆತ್ಲೆಹೇಮಿನ ದಾರಿ ಎಷ್ಟುದ್ದ, ಎಷ್ಟಗಲ, ಸಮತಟ್ಟೋ ಏರಿಳಿತವೋ. ಗವಿ ದೊಡ್ಡದೋ ಚಿಕ್ಕದೋ, ತಗ್ಗೋ ಎತ್ತರವೋ, ಇದನ್ನೆಲ್ಲ ಕಲ್ಪನೆಯ ಕಣ್ಣಿಂದ ನೋಡಿ ಎನ್ನುತ್ತಾರೆ. ಉತ್ತರವನ್ನು ಮಾತ್ರ ಕೊಡುವುದಿಲ್ಲ. ಅದು ಧ್ಯಾನ ಮಾಡುವವರ ಕೆಲಸ.

ನಮ್ಮ ಊರಿನವರು ಹೀಗೆ ಶುರು ಮಾಡಬಹುದು. ನಜರೇತಿನಿಂದ ಬೆತ್ಲೆಹೇಮಿಗೆ ನೇರ ಗೆರೆ ಎಳೆದರೇ ಸುಮಾರು 110 ಕಿ.ಮೀ., ನಡೆವ ದಾರಿ ಇನ್ನೂ ಹೆಚ್ಚು. ಕಾರವಾರದಿಂದ ಅಂಕೋಲಾ, ಕುಮಟಾ, ಹೊನ್ನಾವರ ದಾಟಿ ಭಟ್ಕಳ ಮುಟ್ಟಿದ ಹಾಗೆ. ತುಂಬು ಬಸುರಿಯೊಬ್ಬಳು ಆ ದಾರಿಯನ್ನು ಬಸ್ಸಿಲ್ಲದೆ ಹೋಗುವುದನ್ನು ನೆನೆಯಿರಿ. ಎಲ್ಲಿ ಕೂತಾಳು? ನೀರು ಯಾರ ಮನೆಯಲ್ಲಿ ಕೇಳಿಯಾಳು? ದಾರಿ ಪಾಲೆಸ್ತೀನಿನದೇ ಇರಲಿ, ಒಣಗುಡ್ಡ, ಕಲ್ಲು, ರಾತ್ರಿಯ ಚಳಿ. ಆದರೆ ದಣಿವಿನ ಅಳತೆ ನಿಮಗೆ ಗೊತ್ತಿರುವ ಹೆದ್ದಾರಿಯದಾಗಲಿ.

ಒಟ್ಟು 45 ನಿಮಿಷ ಇಟ್ಟುಕೊಳ್ಳಿ. ಫೋನು ಬೇರೆ ಕೋಣೆಯಲ್ಲಿ. ಐದು ನಿಮಿಷ ಸುಮ್ಮನೆ ಕೂತು, ಏನು ಬೇಡುತ್ತೀರೆಂದು ಒಂದೇ ವಾಕ್ಯದಲ್ಲಿ ಹೇಳಿ: ನನಗಾಗಿ ಮನುಷ್ಯನಾದ ಸ್ವಾಮಿಯನ್ನು ಹತ್ತಿರದಿಂದ ಅರಿಯಬೇಕು, ಪ್ರೀತಿಸಬೇಕು, ಹಿಂಬಾಲಿಸಬೇಕು. ಲೂಕನ ಭಾಗವನ್ನು ಎರಡು ಸಲ ದನಿಯೆತ್ತಿ ಓದಿ, ಪುಸ್ತಕ ಮುಚ್ಚಿ. ಮುಂದಿನ 25 ನಿಮಿಷ ಮೊದಲು ಜನರನ್ನು ನೋಡುವುದು, ಆಮೇಲೆ ಅವರಾಡುವುದನ್ನು ಕೇಳುವುದು, ಆಮೇಲೆ ಅವರು ಮಾಡುವುದನ್ನು ಗಮನಿಸುವುದು. ಇಗ್ನೇಷಿಯಸ್ ಇಲ್ಲಿ ಧ್ಯಾನಿಸುವವರಿಗೆ ಒಂದು ಪಾತ್ರ ಕೊಡುತ್ತಾರೆ: ಬಡ, ಅಯೋಗ್ಯ, ಪುಟ್ಟ ಸೇವಕ. ಎದುರು ಖಾಲಿ ಬಿಟ್ಟ ಆ ಗೇಣು ನೆಲ ಈ ಸೇವಕನಿಗೆ. ಅಲ್ಲಿ ನಿಂತು ಏನಾದರೂ ಕೆಲಸ ಮಾಡಿ. ನೀರು ಕಾಯಿಸಿ, ಸಗಣಿ ಬಾಚಿ, ಒದ್ದೆ ಹುಲ್ಲು ತೆಗೆದು ಒಣಹುಲ್ಲು ಹಾಸಿ. ಕೆಲಸ ಕೊಟ್ಟರೆ ಕಲ್ಪನೆ ನಿಲ್ಲುತ್ತದೆ, ಸುಮ್ಮನೆ ನೋಡು ಎಂದರೆ ಅಲೆಯುತ್ತದೆ. ಕೊನೆಯ ಹತ್ತು ನಿಮಿಷ ಸ್ನೇಹಿತನೊಡನೆ ಆಡುವಂತೆ ಯೇಸುವಿನೊಡನೆ, ಇಲ್ಲವೇ ಮರಿಯಮ್ಮನೊಡನೆ ಮಾತಾಡಿ. ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರದಿಂದ ಮುಗಿಸಿ, ಮೂರು ಸಾಲು ಬರೆದಿಡಿ.

ಮರುದಿನ ಹೊಸ ಭಾಗಕ್ಕೆ ಹೋಗಬೇಡಿ. ಬರೆದಿಟ್ಟ ಮೂರು ಸಾಲಿನಲ್ಲಿ ಮನಸ್ಸು ತಟ್ಟಿದ್ದೆಲ್ಲೋ, ಬೇಸರ ಬಂದದ್ದೆಲ್ಲೋ ಅಲ್ಲಿಗೇ ಮತ್ತೆ ಹೋಗಿ. ಸಂಜೆ ಒಂದು ಸಲ ಬರೀ ಇಂದ್ರಿಯಗಳಿಂದ: ಗಂಜಲದ ವಾಸನೆ, ಎತ್ತಿನ ಉಸಿರಿನ ಬಿಸಿ, ಹುಲ್ಲು ಚುಚ್ಚುವುದು, ಕೂಸಿನ ಅಳು. ದನ ಸಾಕದ ಮನೆಯ ಮಕ್ಕಳನ್ನು ಒಮ್ಮೆ ನಿಜವಾದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬನ್ನಿ. ಹತ್ತು ನಿಮಿಷ ಸಾಕು.

ಲೂಕನಲ್ಲಿ ಬರುವ ಕುರುಬರ ಬಳಿ ಕಲ್ಪನೆ ತಾನಾಗಿ ನಮ್ಮ ತೀರಕ್ಕೆ ಬರುತ್ತದೆ. ಅವರು ರಾತ್ರಿಪಾಳಿಯ ಜನ. ಇಲ್ಲಿ ಆ ಹೊತ್ತಿಗೆ ಎಚ್ಚರ ಇರುವವರು ಯಾರು? ಕಾರವಾರದ ಬೈತಖೋಲದ ಮೀನುಗಾರಿಕೆ ಧಕ್ಕೆಯಲ್ಲಿ ಐಸು ತುಂಬುವವರು, ಆಸ್ಪತ್ರೆಯ ಆಯಾ, ಹೆದ್ದಾರಿಯ ಲಾರಿ ಚಾಲಕ. ದೇವದೂತನ ಮಾತು ಮೊದಲು ಅವರಿಗೆ ಕೇಳಿಸಿತು ಎಂದು ಎಣಿಸಿ ಆ ಭಾಗ ಓದಿ. ಹಲಗೆಯ ಮೇಲೆ ಕುರುಬರು ಕುರುಬರಾಗಿಯೇ ಇರಲಿ, ಅವರನ್ನು ರಂಪಣಿ ಬಲೆ ಎಳೆಯುವ ಮೀನುಗಾರರನ್ನಾಗಿ ಮಾಡಿದರೆ ಲೂಕನ ಮಾತು ತಪ್ಪಿಹೋಗುತ್ತದೆ.

ಎಡವುವ ಕಡೆಗಳು

“ಏನೂ ಕಾಣುವುದಿಲ್ಲ” ಎಂಬುದು ಎಲ್ಲರಿಗಿಂತ ಹೆಚ್ಚು ಕೇಳುವ ದೂರು. ಸಿನಿಮಾದಂತೆ ಕಾಣಬೇಕಾಗಿಯೂ ಇಲ್ಲ. ಕೆಲವರಿಗೆ ದನಿ ಕೇಳುತ್ತದೆ, ಕೆಲವರಿಗೆ ಮೈ ತಿಳಿಯುತ್ತದೆ, ಕೆಲವರಿಗೆ ಅಲ್ಲಿ ಯಾರೋ ಇದ್ದಾರೆಂಬ ಅರಿವು ಮಾತ್ರ. ಅಂಥವರು ಕೈಯಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಕೂರಲಿ. ನಡುವೆ ಕುಸ್ವಾರಿಗೆ (ಕ್ರಿಸ್‌ಮಸ್ ತಿಂಡಿಗೆ) ಬೆಲ್ಲ ತರಬೇಕಿತ್ತು ಎಂದು ನೆನಪಾದರೆ ಬೈದುಕೊಳ್ಳುವುದು ಬೇಡ, ಹುಲ್ಲನ್ನು ಒತ್ತಿ ಹಿಡಿದು ವಾಪಸು ಬಂದರಾಯಿತು.

ಕಲ್ಪನೆ ಹೆಚ್ಚಿರುವವರದು ಬೇರೆಯೇ ತೊಂದರೆ. ಕತೆ ಬೆಳೆಯುತ್ತ ಹೋಗಿ, ಸೇವಕನೇ ಕಥಾನಾಯಕನಾಗಿ, ಮಗು ಮೂಲೆಗೆ ಸರಿಯುತ್ತದೆ. ಹಾಗಾದ ಕೂಡಲೇ ಪುಸ್ತಕ ತೆರೆದು ನಿಂತ ವಾಕ್ಯದಿಂದ ಮತ್ತೆ ಶುರು ಮಾಡಿ. ಧ್ಯಾನದಲ್ಲಿ ಕೇಳಿದ ಮಾತನ್ನು ದೇವರ ನೇರ ಅಪ್ಪಣೆ ಎಂದು ತಿಳಿದು ಮದುವೆ, ಜಮೀನು, ನೌಕರಿಯ ನಿರ್ಧಾರ ಮಾಡಬಾರದು. ಅದನ್ನು ಧರ್ಮಗುರುಗಳ ಬಳಿಯೋ ಧ್ಯಾನಕೂಟ ನಡೆಸಿ ಅನುಭವವಿರುವ ಸಿಸ್ಟರ್ ಬಳಿಯೋ ಹೇಳಿ, ಕೆಲವು ವಾರ ಬಿಟ್ಟು ನೋಡಿ. ಮನೆಯವರ ಮೇಲೆ ತಾಳ್ಮೆ ಹೆಚ್ಚಿತೇ, ಕಡಿಮೆಯಾಯಿತೇ ಎಂಬುದು ಒಳ್ಳೆಯ ಅಳತೆಗೋಲು.

ಹೆರಿಗೆಯಲ್ಲಿ ಮಗು ಕಳೆದುಕೊಂಡವರಿಗೆ, ಮಕ್ಕಳಿಲ್ಲದವರಿಗೆ ಈ ದೃಶ್ಯ ನೋವು ಕೊಡಬಹುದು. ಅವರನ್ನು ಒತ್ತಾಯಿಸಬೇಡಿ. ಬಾಗಿಲ ಹೊರಗೆ ಕುರುಬರ ಬೆಂಕಿಯ ಬಳಿ ಕೂತರೂ ಅದು ಪ್ರಾರ್ಥನೆಯೇ.

ಬಿಚ್ಚಿಡುವುದು

ಸ್ವಾಮಿಯ ದೀಕ್ಷಾಸ್ನಾನದ ಹಬ್ಬದೊಂದಿಗೆ ಕ್ರಿಸ್‌ಮಸ್ ಕಾಲ ಮುಗಿಯುತ್ತದೆ. ಸುಡದ ಮಣ್ಣಿನ ಗೊಂಬೆಗೆ ನಮ್ಮ ಮಳೆಗಾಲವೇ ಶತ್ರು: ಜೂನ್‌ನಿಂದ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಒಂದೊಂದನ್ನೂ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ನಾಲ್ಕು ತುಂಡು ಇದ್ದಿಲಿನ ಜೊತೆ ಅಟ್ಟದ ಮೇಲಿಡಿ, ಸೆಪ್ಟೆಂಬರಿನಲ್ಲಿ ಒಂದು ದಿನ ತೆಗೆದು ಗಾಳಿಯಾಡಿಸಿ. ಮುರಿದ ಗೊಂಬೆಯನ್ನು ನೀರಲ್ಲಿ ನೆನೆಸಿದರೆ ಮುಂದಿನ ವರ್ಷದ ಮಣ್ಣು. ಹಾಳೆ, ದಬ್ಬೆ ಒಲೆಗೆ. ರಾಗಿಯ ಹಸಿರನ್ನೂ ಗೋದಲಿಯ ಹುಲ್ಲನ್ನೂ ನೆರೆಮನೆಯ ದನಕ್ಕೆ ಹಾಕಿ, ಗೋಂದು ಅಥವಾ ಬಣ್ಣ ತಾಗಿದ್ದನ್ನು ಮಾತ್ರ ಆರಿಸಿ ತೆಗೆದು.